ಸೇಂಟ್ ಆಂಡ್ರೂಸ್‌ಗೆ ಹೊರಟಿದ್ದೇವೆ, ಜೊತೆಗೆ ಕ್ಯಾಮೆರಾ ಇದೆ: ಅಲ್ಲಿದ್ದವರು ಅನುಭವ ಹೇಳಿ

ಪ್ರಶ್ನೆ, ಮೈಸೂರಿನಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಅವಕಾಶ ಸಿಕ್ಕಿದೆ. ಸೆಪ್ಟೆಂಬರ್‌ನಲ್ಲಿ ಮೂರು ವರ್ಷದ ಮಗಳನ್ನೂ ಕರೆದುಕೊಂಡು ಹೊರಡುತ್ತಿದ್ದೇವೆ. ನನಗೆ ಫೋಟೋ ಹುಚ್ಚು. ಇಲ್ಲಿ ದೇವರಾಜ ಮಾರುಕಟ್ಟೆ, ಅಗ್ರಹಾರದ ಹಳೇ ಮನೆಗಳು ಅಂತ ಸುತ್ತಿಕೊಂಡಿದ್ದವಳು. ಅಲ್ಲಿ ಗಾಲ್ಫ್ ಮೈದಾನ, ಪಾಳುಬಿದ್ದ ಚರ್ಚು ಬಿಟ್ಟರೆ ಇನ್ನೇನಿದೆ ಅಂತ ಮನೆಗೆ ಬಂದವರೆಲ್ಲ ಕೇಳುತ್ತಿದ್ದಾರೆ. ಅಷ್ಟು ಸಣ್ಣ ಊರಿನಲ್ಲಿ ದಿನ ಹೇಗೆ ಹೋಗುತ್ತೆ? ಬೀದಿಯಲ್ಲಿ ಜನರ ಫೋಟೋ ತೆಗೆದರೆ ಬೈಯುತ್ತಾರಾ? ಪೋಸ್ಟ್‌ಕಾರ್ಡಿನಂಥ ಚಿತ್ರ ಬೇಡ, ಊರಿನ ಹಳೇ ಬದುಕು ಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?

ತೀರ್ಥಹಳ್ಳಿಯವರು, ಈಗ ಡಂಡೀಯಲ್ಲಿ

ಫೋಟೋ ಆಮೇಲೆ, ಮೊದಲು ಮನೆ ನೋಡಿಕೊಳ್ಳಿ. ವಿದ್ಯಾರ್ಥಿಗಳು, ಗಾಲ್ಫ್‌ಗೆ ಬರುವವರು ಎಲ್ಲರೂ ಅದೇ ನಾಲ್ಕು ಬೀದಿಗಳ ಮನೆಗಳಿಗೆ ಮುಗಿಬೀಳುವುದರಿಂದ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಊರೊಳಗೆ ಸಿಗದಿದ್ದರೆ ಗಾರ್ಡ್‌ಬ್ರಿಜ್, ಲೂಕರ್ಸ್, ಕ್ಯೂಪರ್, ಅಥವಾ ನಮ್ಮ ಡಂಡೀ ಕಡೆ ಹುಡುಕಿ. ಸೇಂಟ್ ಆಂಡ್ರೂಸ್‌ಗೆ ರೈಲಿಲ್ಲ, ನಿಲ್ದಾಣ 1969ರಲ್ಲೇ ಮುಚ್ಚಿತು. ಲೂಕರ್ಸ್‌ನಲ್ಲಿ ಇಳಿದು 99ನೇ ನಂಬರ್ ಬಸ್ ಹಿಡಿಯಬೇಕು. ಅದೇ ಬಸ್ಸು ಡಂಡೀಗೂ ಹೋಗುತ್ತದೆ. ಅವಲಕ್ಕಿ, ಉದ್ದಿನಬೇಳೆ, ಹುಣಸೆಹಣ್ಣು ಮುಗಿದಾಗ ಆ ಬಸ್ಸಿನ ಬೆಲೆ ಗೊತ್ತಾಗುತ್ತದೆ. ಡಾಕ್ಟರ ಹತ್ತಿರ ಬಂದ ವಾರವೇ ಹೆಸರು ಬರೆಸಿ. ಸ್ಕಾಟ್ಲೆಂಡಿನಲ್ಲಿ ಡಾಕ್ಟರ್ ಬರೆದುಕೊಟ್ಟ ಔಷಧಿಗೆ 2011ರಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ.

ಮಗಳ ಜೊತೆ ಚರ್ಚ್ ಸ್ಕ್ವೇರ್‌ನಲ್ಲಿರುವ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ. ಸ್ಕಾಟ್ಲೆಂಡಿನ ಲೈಬ್ರರಿಗಳಲ್ಲಿ ‘ಬುಕ್‌ಬಗ್’ ಅಂತ ಸಣ್ಣ ಮಕ್ಕಳಿಗೆ ಹಾಡು, ಕಥೆ ಹೇಳುವ ಬಿಟ್ಟಿ ಕಾರ್ಯಕ್ರಮ ನಡೆಸುತ್ತಾರೆ. ಮಕ್ಕಳಿಗಿಂತ ಅಮ್ಮಂದಿರಿಗೇ ಅದು ಬೇಕು. ಮೊಮ್ಮಕ್ಕಳನ್ನು ಕರೆತಂದ ಅಜ್ಜಿಯರು ಪಕ್ಕದಲ್ಲೇ ಕೂತಿರುತ್ತಾರೆ, ಊರಿನ ಕಥೆಯೆಲ್ಲ ಅವರ ಬಾಯಲ್ಲಿರುತ್ತದೆ. ಮಾತು ಹವಾಮಾನದಿಂದ ಶುರುವಾಗಿ ಅರ್ಧ ಗಂಟೆಯಲ್ಲಿ ಅವರ ತಾಯಿ ಯಾವ ಅಂಗಡಿಯಲ್ಲಿ ಕೆಲಸಕ್ಕಿದ್ದರು ಅನ್ನುವಲ್ಲಿಗೆ ಬಂದಿರುತ್ತದೆ. ಕ್ಯಾಮೆರಾ ತೋರಿಸುವ ಮೊದಲು ಈ ಪರಿಚಯಗಳನ್ನು ಮಾಡಿಕೊಳ್ಳಿ.

ಇನ್ನೊಂದು, ಕೋಟು ಮೈಸೂರಿನಲ್ಲಿ ಕೊಳ್ಳಬೇಡಿ. ಚಾರಿಟಿ ಅಂಗಡಿಗಳಲ್ಲಿ ಒಳ್ಳೆಯ ಕೋಟು ಅಗ್ಗಕ್ಕೆ ಸಿಗುತ್ತದೆ. ಅಲ್ಲೇ ಮೂಲೆಯ ಡಬ್ಬಿಗಳಲ್ಲಿ ಹಳೇ ಪೋಸ್ಟ್‌ಕಾರ್ಡ್ ಇದ್ದರೆ ಬಿಡಬೇಡಿ. ಡಂಡೀಯ ವ್ಯಾಲೆಂಟೈನ್ ಕಂಪನಿ ಸ್ಕಾಟ್ಲೆಂಡಿನ ಊರೂರಿನ ಚಿತ್ರ ತೆಗೆದು ಕಾರ್ಡು ಅಚ್ಚು ಹಾಕುತ್ತಿತ್ತು. ನೀವು ಬೇಡ ಅನ್ನುವ ಪೋಸ್ಟ್‌ಕಾರ್ಡಿನಲ್ಲೇ ಎಷ್ಟೋ ಸಲ ಹಿನ್ನೆಲೆಯಲ್ಲಿ ಒಂದು ಕೈಗಾಡಿ, ಅಂಗಡಿಯ ಬೋರ್ಡು ಕಾಣುತ್ತದೆ.

ಧಾರವಾಡದವ, ಎಡಿನ್‌ಬರೋದಾಗ ಇರತೇನಿ

ಅಕ್ಕಾರ, ಬೆಳಕಿನ ಬಗ್ಗೆ ನಾ ಹೇಳತೇನಿ. ಡಿಸೆಂಬರ್‌ನ್ಯಾಗ ಸೂರ್ಯ ಮುಂಜಾನೆ ಎಂಟೂಮುಕ್ಕಾಲಕ್ಕ ಏಳತಾನ, ಮಧ್ಯಾಹ್ನ ಮೂರೂವರಿ ದಾಟಿದ ಕೂಡಲೇ ಮುಳಗತಾನ. ನಡು ಮಧ್ಯಾಹ್ನದಾಗೂ ಬಾನಂಚಿನಿಂದ ಹತ್ತು ಡಿಗ್ರಿ ಮ್ಯಾಲೆ ಇದ್ದರ ಹೆಚ್ಚು. ಹೊಸದಾಗಿ ಬಂದವರು ಇದಕ್ಕ ಅಳತಾರ. ನೀವು ಅಳಬ್ಯಾಡ್ರಿ. ಇಡೀ ದಿನ ಬೆಳಕು ಅಡ್ಡ ಬೀಳತದ, ಕಲ್ಲಿನ ಮ್ಯಾಲಿನ ಸವೆದ ಅಕ್ಷರ, ಉಳಿ ಗುರುತು ಎಲ್ಲಾ ಎದ್ದು ಕಾಣತಾವ. ಸೌತ್ ಸ್ಟ್ರೀಟ್‌ನ ಉತ್ತರದ ಸಾಲಿನ ಮನಿಗಳು ದಕ್ಷಿಣಕ್ಕ ಮುಖ ಮಾಡ್ಯಾವ, ಚಳಿಗಾಲದ ಬಿಸಲು ನೇರ ಅವುಗಳ ಮ್ಯಾಲೆ. ಅಲ್ಲಿ ಒಂದು ಹಳೇ ಕೋಟೆ ಅದ, ಅದರ ಸಮುದ್ರದ ಕಡೆ ಗ್ವಾಡಿ ಉತ್ತರಕ್ಕ ಅದ, ಅದಕ್ಕ ಬಿಸಲು ಬೇಕಂದ್ರ ಬ್ಯಾಸಗಿ ಮಟಾ ಕಾಯಬೇಕು. ಜೂನ್‌ನ್ಯಾಗ ರಾತ್ರಿ ಹತ್ತಕ್ಕ ಇನ್ನೂ ಬೆಳಕಿರತದ, ಮಗಳನ್ನ ಮಲಗಿಸೋದ ದೊಡ್ಡ ಕೆಲಸ.

‘ಹಾರ್’ ಅಂತ ಒಂದು ಸಮುದ್ರದ ಮಂಜು ಬರತದ. ಬೆಚ್ಚನ್ನ ಗಾಳಿ ತಣ್ಣನ್ನ ಉತ್ತರ ಸಮುದ್ರ ದಾಟಿ ಬಂದಾಗ, ಏಪ್ರಿಲ್‌ನಿಂದ ಬ್ಯಾಸಗಿ ಮುಗಿಯೂತನಕ ಯಾವಾಗ ಬೇಕಾದರೂ. ಕ್ಯೂಪರ್‌ನ್ಯಾಗ ರಣ ಬಿಸಲಿದ್ದರೂ ಸೇಂಟ್ ಆಂಡ್ರೂಸ್ ಬಂದರದಾಗ ಮುಂದಿನ ಮನುಷ್ಯ ಕಾಣಂಗಿಲ್ಲ. ಎಲ್ಲಾರೂ ಮನಿಗೆ ಓಡತಾರ, ನೀವು ಆವಾಗ ಹೊರಗ ಹೋಗ್ರಿ. ಕ್ಯಾಮೆರಾಗ ಒಂದ ಅರ್ಧ ಸ್ಟಾಪ್ ಹೆಚ್ಚು ಬೆಳಕು ಕೊಡ್ರಿ, ಇಲ್ಲಾಂದ್ರ ಮಂಜು ಬೂದಿ ಬಣ್ಣ ಬರತದ. ಉಪ್ಪಿನ ಹನಿ ಲೆನ್ಸಿಗೆ ಕೂಡತದ, ಒಂದ ಫಿಲ್ಟರ್ ಹಾಕೇ ಇರ್ರಿ. ಮನಿಗೆ ಬಂದ ಕೂಡಲೇ ಚೀಲ ತೆಗೀಬ್ಯಾಡ್ರಿ. ಹೀಟರ್ ಇದ್ದ ಖೋಲಿಯೊಳಗ ತಣ್ಣನ್ನ ಗಾಜಿನ ಮ್ಯಾಲೆ ನೀರು ಕಟ್ಟತದ. ಚೀಲದಾಗ ಇಟ್ಟು, ಚಹಾ ಕುಡದು, ಆಮ್ಯಾಲೆ ತೆಗೀರಿ.

ಉಡುಪಿಯವರು

‘ಪಾಳುಬಿದ್ದ ಚರ್ಚು ಬಿಟ್ಟರೆ ಏನಿದೆ’ ಅನ್ನುವವರಿಗೆ ಒಂದು ಉತ್ತರ ಇದೆ. ಕ್ಯಾಮೆರಾ ಹಿಡಿದು ಹೋಗಲು ಸ್ಕಾಟ್ಲೆಂಡಿನಲ್ಲಿ ಇದಕ್ಕಿಂತ ಸರಿಯಾದ ಊರು ಇಲ್ಲ. ಟಾಲ್ಬಟ್ ಎಂಬವರು ಕಾಗದದ ಮೇಲೆ ನೆಗೆಟಿವ್ ಮಾಡುವ ಕ್ಯಾಲೋಟೈಪ್ ವಿಧಾನಕ್ಕೆ 1841ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದರು. ಆ ಪೇಟೆಂಟ್ ಸ್ಕಾಟ್ಲೆಂಡಿಗೆ ಅನ್ವಯಿಸುತ್ತಿರಲಿಲ್ಲ. ಸೇಂಟ್ ಆಂಡ್ರೂಸ್‌ನ ಕಾಲೇಜಿನ ಮುಖ್ಯಸ್ಥರಾಗಿದ್ದ ಸರ್ ಡೇವಿಡ್ ಬ್ರೂಸ್ಟರ್ ಟಾಲ್ಬಟ್‌ರ ಗೆಳೆಯರು. ಪತ್ರದ ಮೂಲಕ ವಿಧಾನ ತಿಳಿದುಕೊಂಡು ಊರಿನವರಿಗೆ ಹಬ್ಬಿಸಿದರು. ಊರಿನ ವೈದ್ಯ ಡಾ. ಜಾನ್ ಆಡಮ್‌ಸನ್ ರಸಾಯನಶಾಸ್ತ್ರ ಬಲ್ಲವರು, ಅವರ ಕೈಯಲ್ಲಿ ಅದು ಕುದುರಿತು. ತಮ್ಮ ರಾಬರ್ಟ್‌ಗೂ ಕಲಿಸಿದರು. ರಾಬರ್ಟ್ 1843ರಲ್ಲಿ ಎಡಿನ್‌ಬರೋಗೆ ಹೋಗಿ, ಚಿತ್ರಕಾರ ಡೇವಿಡ್ ಆಕ್ಟೇವಿಯಸ್ ಹಿಲ್ ಜೊತೆ ಸೇರಿ ಐದು ವರ್ಷ ತುಂಬುವುದರೊಳಗೆ ಸಾವಿರಗಟ್ಟಲೆ ಚಿತ್ರ ತೆಗೆದರು. 1848ರಲ್ಲಿ ಇನ್ನೂ 26 ವಯಸ್ಸಿಗೇ ತೀರಿಕೊಂಡರು. ಆಮೇಲೆ ಊರಿನಲ್ಲಿ ಸ್ಟುಡಿಯೋ ಇಟ್ಟು ಅದನ್ನೇ ವೃತ್ತಿ ಮಾಡಿಕೊಂಡವರು ಥಾಮಸ್ ರಾಜರ್. ಅಂದರೆ ಈ ಊರನ್ನು 180 ವರ್ಷಗಳಿಂದ ಬಿಡದೆ ಯಾರೋ ಒಬ್ಬರು ಚಿತ್ರ ತೆಗೆಯುತ್ತಲೇ ಬಂದಿದ್ದಾರೆ.

ನೀವು ಶುರು ಮಾಡಬೇಕಾದ್ದು ಅಲ್ಲಿಂದ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಫೋಟೋಗಳಿವೆ. ತೀರ್ಥಹಳ್ಳಿಯ ಅಕ್ಕ ಹೇಳಿದ ವ್ಯಾಲೆಂಟೈನ್ ಸಂಗ್ರಹವೂ ಅಲ್ಲೇ ಇದೆ. ಬಹಳಷ್ಟನ್ನು ಮೈಸೂರಿನಲ್ಲಿ ಕೂತೇ ಅಂತರಜಾಲದಲ್ಲಿ ನೋಡಬಹುದು. ಬೀದಿಯ ಹೆಸರು ಹಾಕಿ ಹುಡುಕಿ. ನಾರ್ತ್ ಸ್ಟ್ರೀಟ್‌ನ ಪೂರ್ವದ ತುದಿಯಲ್ಲಿ ಹಿಲ್ ಮತ್ತು ಆಡಮ್‌ಸನ್ 1840ರ ದಶಕದಲ್ಲಿ ತೆಗೆದ ಒಂದು ಚಿತ್ರವಿದೆ. ಮೀನುಗಾರ ಕೇರಿಯ ಹೆಂಗಸರು, ಮಕ್ಕಳು ಮನೆಯ ಮುಂದೆ ಬೀದಿಯಲ್ಲೇ ಕೂತು ಗಾಳದ ಹಗ್ಗಕ್ಕೆ ಎರೆ ಸಿಕ್ಕಿಸುತ್ತಿದ್ದಾರೆ. ಮಸೆಲ್ ಎಂಬ ಕಪ್ಪೆಚಿಪ್ಪು ಬಿಡಿಸಿ ಕೊಕ್ಕೆಗೆ ಚುಚ್ಚುವ ಕೆಲಸ ಹೆಂಗಸರದ್ದೇ ಆಗಿತ್ತು. ಕಡಲ ಬದಿಯಲ್ಲಿ ಬೆಳೆದ ನನಗೆ ಆ ಚಿತ್ರ ಬಿಟ್ಟು ಕದಲಲಾಗಲಿಲ್ಲ. ಆಗಿನ ಕ್ಯಾಮೆರಾಕ್ಕೆ ಬೆಳಕು ಸಾಲಬೇಕಾದರೆ ಎಲ್ಲರೂ ಅಲ್ಲಾಡದೆ ಕೂರಬೇಕಿತ್ತು, ಹಾಗಾಗಿ ಅದು ಕದ್ದು ತೆಗೆದದ್ದಲ್ಲ, ಕೇಳಿ ಕೂರಿಸಿ ತೆಗೆದದ್ದು. ಅದೇ ಬೀದಿಯಲ್ಲಿ, ಹಳೇ ಮನೆಯೊಂದರಲ್ಲಿ, ಊರಿನ ಪ್ರಿಸರ್ವೇಶನ್ ಟ್ರಸ್ಟ್‌ನವರ ಸಣ್ಣ ಮ್ಯೂಸಿಯಂ ಇದೆ. ಹಳೇ ಕಟ್ಟಡಗಳನ್ನು ಉಳಿಸಲಿಕ್ಕೆ 1937ರಲ್ಲಿ ಹುಟ್ಟಿದ ಸಂಸ್ಥೆ ಅದು.

ಹಳೇ ಚಿತ್ರದ ಒಂದು ಪ್ರಿಂಟ್ ಕೈಯಲ್ಲಿ ಹಿಡಿದು ಅದೇ ಜಾಗದಲ್ಲಿ ನಿಂತು ತೆಗೆಯಲು ನೋಡಿ. ಲೆನ್ಸ್ ಯಾವುದಾದರೂ ಆದೀತು, ನಿಲ್ಲುವ ಜಾಗ ಮುಖ್ಯ. ಹತ್ತಿರದ ಮನೆಯ ಮೂಲೆ ದೂರದ ಚಿಮಣಿಯನ್ನು ಎಲ್ಲಿ ಕತ್ತರಿಸುತ್ತದೆ ಎಂದು ಪ್ರಿಂಟ್‌ನಲ್ಲಿ ನೋಡಿಕೊಂಡು, ಆ ಎರಡೂ ಹಾಗೇ ಕೂಡುವವರೆಗೆ ಎಡಕ್ಕೆ ಬಲಕ್ಕೆ ಸರಿಯಿರಿ. ನೀವು ಹೀಗೆ ರಸ್ತೆ ಬದಿಯಲ್ಲಿ ಒದ್ದಾಡುತ್ತಿದ್ದರೆ ಯಾರಾದರೂ ಬಂದು ಏನು ಹುಡುಕುತ್ತಿದ್ದೀರಿ ಅಂತ ಕೇಳಿಯೇ ಕೇಳುತ್ತಾರೆ. ಕೈಯಲ್ಲಿನ ಹಳೇ ಚಿತ್ರ ನೋಡಿದ ಮೇಲೆ ಅವರು ಬೇಗ ಹೋಗುವುದಿಲ್ಲ.

ಬಾಗಿಲ ಮೇಲಿನ ಅಡ್ಡಗಲ್ಲುಗಳನ್ನೂ ನೋಡುತ್ತ ಹೋಗಿ. ಮದುವೆಯಾಗಿ ಮನೆ ಮಾಡಿದವರು ಗಂಡ ಹೆಂಡತಿ ಇಬ್ಬರ ಹೆಸರಿನ ಮೊದಲಕ್ಷರ, ಇಸವಿ ಕೆತ್ತಿಸುತ್ತಿದ್ದರು. ಹೆಂಡತಿಯದ್ದು ತವರಿನ ಮನೆತನದ ಅಕ್ಷರ. ಹತ್ತಿರದ ಕ್ರೇಲ್ ಊರಿಗೂ ಹೋಗಿ ಹುಡುಕಿ, ಬಸ್ಸಿದೆ.

ಬೆಂಗಳೂರು, ಅಲ್ಲೇ ಎಂಎಸ್‌ಸಿ ಮುಗಿಸಿದವಳು

ಜನರ ಫೋಟೋ ಬಗ್ಗೆ. ಸಾರ್ವಜನಿಕ ಜಾಗದಲ್ಲಿ ನಿಂತು ತೆಗೆಯುವುದಕ್ಕೆ ಕಾನೂನಿನ ಅಡ್ಡಿ ಇಲ್ಲ, ಅಂಗಡಿ, ಚಾಪೆಲ್ ಒಳಗಾದರೆ ಕೇಳಬೇಕು. ಆದರೆ ಕಾನೂನು ಬೇರೆ, ಸಣ್ಣ ಊರು ಬೇರೆ. ಇವತ್ತು ನೀವು ಫೋಟೋ ತೆಗೆದವರು ನಾಳೆ ಬೇಕರಿ ಕ್ಯೂನಲ್ಲಿ ಪಕ್ಕದಲ್ಲೇ ಇರ್ತಾರೆ, ಅದಕ್ಕೇ ಕೇಳಿ ತೆಗೀರಿ.

ವಿದ್ಯಾರ್ಥಿಗಳ ಸಂಭ್ರಮಗಳಲ್ಲಿ ಯಾರೂ ಬೇಸರ ಮಾಡ್ಕೊಳ್ಳಲ್ಲ. ಅಕ್ಟೋಬರ್‌ನ ರೇಸಿನ್ ಸೋಮವಾರ ನಮ್ಮ ಓಕುಳಿ ಥರ, ಬಣ್ಣದ ಬದಲು ಶೇವಿಂಗ್ ಫೋಮ್. ಕ್ಯಾಮೆರಾಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಹೋಗಿ. ಭಾನುವಾರ ಚಾಪೆಲ್ ಮುಗಿದ ಮೇಲೆ ಕೆಂಪು ಗೌನ್ ಹಾಕಿಕೊಂಡು ಬಂದರದ ಕಟ್ಟೆ ಮೇಲೆ ಸಾಲಾಗಿ ನಡೀತಾರೆ. ಅದು ಎಲ್ಲರೂ ತೆಗೆಯೋ ಫೋಟೋ, ಆದರೂ ಒಂದ್ಸಲ ತೆಗೀರಿ. ಮೇ 1ರ ನಸುಕಿನಲ್ಲಿ ಈಸ್ಟ್ ಸ್ಯಾಂಡ್ಸ್ ಕಡಲಿಗೆ ಇಳೀತಾರಲ್ಲ, ಅಲ್ಲಿ ಮಾತ್ರ ನಾನು ಕ್ಯಾಮೆರಾ ಎತ್ತಲ್ಲ, ಎಲ್ಲರೂ ಅರೆಬಟ್ಟೆಯಲ್ಲಿ ಇರ್ತಾರೆ. ಓಲ್ಡ್ ಕೋರ್ಸ್ ಗಾಲ್ಫ್ ಮೈದಾನದಲ್ಲಿ ಭಾನುವಾರ ಸಾಮಾನ್ಯವಾಗಿ ಆಟ ಇರಲ್ಲ. ಊರಿನವರು ನಾಯಿ, ಮಕ್ಕಳನ್ನ ಕರ್ಕೊಂಡು ಅಡ್ಡಾಡ್ತಾರೆ. ಆಗಸ್ಟ್‌ನಲ್ಲಿ ಲ್ಯಾಮಸ್ ಜಾತ್ರೆ, ಮಾರ್ಕೆಟ್ ಸ್ಟ್ರೀಟ್ ತುಂಬ ತಿರುಗುವ ತೊಟ್ಟಿಲು, ಮನೆ ಕಿಟಕಿಗೆ ತಾಗೋ ಹಾಗೆ. ನನಗೆ ಕೆಥೀಡ್ರಲ್‌ಗಿಂತ ಇದೇ ಇಷ್ಟ.

ಬೆಳಗಾವಿಯವರು, ಗ್ಲಾಸ್ಗೋ

ತಂಗಿ ಹೇಳಿದ್ದಕ್ಕೆ ಒಂದು ತಿದ್ದುಪಡಿ. ಎಲ್ಲದಕ್ಕೂ ಕೇಳುತ್ತ ಕೂತರೆ ಬೀದಿಯ ಫೋಟೋ ಸಿಗುವುದಿಲ್ಲ. ನಾನು ಮೊದಲು ತೆಗೆಯುತ್ತೇನೆ, ಕಣ್ಣು ಕೂಡಿದರೆ ಹೋಗಿ ತೋರಿಸುತ್ತೇನೆ, ಬೇಡ ಅಂದರೆ ಅಲ್ಲೇ ಅಳಿಸುತ್ತೇನೆ. ಮಕ್ಕಳದ್ದು ಮಾತ್ರ ತಂದೆತಾಯಿಯನ್ನು ಕೇಳದೆ ಇಲ್ಲ. ಪಾಳು ಕೆಥೀಡ್ರಲ್‌ನ ಸುತ್ತ ಸಮಾಧಿಗಳಿವೆ, ಹೂ ಇಡಲು ಬಂದವರಿದ್ದರೆ ದೂರ ಇರಿ. ಅಲ್ಲಿನ ಸೇಂಟ್ ರೂಲ್ಸ್ ಗೋಪುರ 33 ಮೀಟರ್, ಮೇಲಿಂದ ಊರಿನ ಮೂರು ಮುಖ್ಯ ಬೀದಿಗಳೂ ಬೀಸಣಿಗೆಯಾಗಿ ಬಿಚ್ಚಿಕೊಳ್ಳುತ್ತವೆ. ಹತ್ತಲು ಬಿಡುತ್ತಿದ್ದಾರೋ ಇಲ್ಲವೋ ಮೊದಲೇ ವಿಚಾರಿಸಿ. ಸೆಪ್ಟೆಂಬರ್‌ನಲ್ಲಿ ಬರುತ್ತಿದ್ದೀರಿ ಅಂದಿರಿ. ಆ ತಿಂಗಳು ದೇಶದ ತುಂಬ ‘ಡೋರ್ಸ್ ಓಪನ್ ಡೇಸ್’ ಇರುತ್ತದೆ, ಮಿಕ್ಕ ದಿನ ಬೀಗ ಹಾಕಿರುವ ಹಳೇ ಕಟ್ಟಡಗಳಿಗೂ ಪುಕ್ಕಟೆ ಪ್ರವೇಶ.

ಶಿವಮೊಗ್ಗದ ನಿವೃತ್ತ ಮೇಷ್ಟ್ರು, ಮಗಳ ಮನೆ ಫೈಫ್‌ನಲ್ಲಿ

ತಾಯಿ, ಸೌತ್ ಸ್ಟ್ರೀಟ್‌ನಲ್ಲಿ ‘ಮದ್ರಾಸ್ ಕಾಲೇಜ್’ ಎಂಬ ಹೆಸರಿನ ಶಾಲೆಯ ಕಟ್ಟಡ ಕಂಡಾಗ ನಿಂತು ನೋಡಿ. ಅದನ್ನು ಕಟ್ಟಲು ಹಣ ಕೊಟ್ಟ ಡಾ. ಆಂಡ್ರ್ಯೂ ಬೆಲ್ 1753ರಲ್ಲಿ ಇದೇ ಊರಿನಲ್ಲಿ ಹುಟ್ಟಿದವರು. 1789ರಿಂದ ಮದರಾಸಿನ ಎಗ್ಮೋರ್‌ನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಶಾಲೆ ನೋಡಿಕೊಂಡರು. ಅಲ್ಲಿನ ಊರ ಮಕ್ಕಳು ಮರಳಿನ ಮೇಲೆ ಬೆರಳಲ್ಲಿ ಅಕ್ಷರ ತಿದ್ದುವುದನ್ನು ಕಂಡು ತಮ್ಮ ಶಾಲೆಯಲ್ಲೂ ಮರಳು ಹರಡಿಸಿದರು, ದೊಡ್ಡ ಮಕ್ಕಳಿಂದ ಚಿಕ್ಕವರಿಗೆ ಹೇಳಿಕೊಡಿಸಿದರು. ಅದೇ ‘ಮದ್ರಾಸ್ ಪದ್ಧತಿ’ ಎಂದು ಬ್ರಿಟನ್ನಿನ ತುಂಬ ಹರಡಿತು. ನಮ್ಮ ಕೂಲಿಮಠಗಳಲ್ಲಿ ಹಿರಿಯರು ಅಕ್ಷರ ಕಲಿತದ್ದೂ ಮರಳಿನ ಮೇಲೆಯೇ ತಾನೇ. ಕಲಿಸಿದ ಐಗಳ ಹೆಸರು ಯಾವ ಕಟ್ಟಡದ ಮೇಲೂ ಇಲ್ಲ. ಶಾಲೆ 2021ರಲ್ಲಿ ಊರ ಹೊರಗಿನ ಹೊಸ ಕಟ್ಟಡಕ್ಕೆ ಹೋಯಿತು, ಹಳೆಯದು ವಿಶ್ವವಿದ್ಯಾಲಯದ ಪಾಲಾಗಿದೆ. ಎದುರಿಗೆ ಬ್ಲ್ಯಾಕ್‌ಫ್ರೈಯರ್ಸ್ ಮಠದ ಮುರುಕು ಗೋಡೆ ಇದೆ, ಫೋಟೋಗೆ ಎರಡೂ ಒಟ್ಟಿಗೆ ಸಿಗುತ್ತವೆ.

ಪ್ರಶ್ನೆ ಕೇಳಿದವರು

ಇಷ್ಟೆಲ್ಲ ಸಿಗುತ್ತೆ ಅಂದುಕೊಂಡಿರಲಿಲ್ಲ. ನಾರ್ತ್ ಸ್ಟ್ರೀಟ್ ಹೆಂಗಸರ ಚಿತ್ರ ಆಗಲೇ ಹುಡುಕಿ ನೋಡಿದೆ. ಇನ್ನೊಂದೇ ಪ್ರಶ್ನೆ: ಪರಿಚಯವಾದವರ ಫೋಟೋ ತೆಗೆದರೆ ಫೋನಿಗೆ ಕಳಿಸಿದರೆ ಸಾಕಾ, ಪ್ರಿಂಟ್ ಕೊಡಬೇಕಾ?

ಉಡುಪಿಯವರು

ಪ್ರಿಂಟ್ ಕೊಡಿ. ವಯಸ್ಸಾದವರಿಗೆ ಅದೇ ಇಷ್ಟ, ಕೊಟ್ಟವರ ಮನೆಯಿಂದ ಎಷ್ಟೋ ಸಲ ಹಳೇ ಆಲ್ಬಂ ಹೊರಗೆ ಬರುತ್ತದೆ. ಅದನ್ನು ನೋಡುವಾಗ ಅವರು ಹೇಳುವ ಹೆಸರು, ಜಾಗ ಎಲ್ಲ ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ, ನಕಲು ತೆಗೆಯಲು ಮಾತ್ರ ಅವರನ್ನೇ ಕೇಳಿ. ನಿಮ್ಮ ಪ್ರಿಂಟ್‌ನ ಹಿಂದೆ ಮೃದು ಪೆನ್ಸಿಲ್‌ನಲ್ಲಿ ಬೀದಿ, ತಿಂಗಳು, ವರ್ಷ ಬರೆಯಿರಿ. ಬಾಲ್‌ಪೆನ್ ಬೇಡ, ಒತ್ತಿದ ಗುರುತು ಚಿತ್ರದ ಮುಂಭಾಗದಲ್ಲಿ ಮೂಡುತ್ತದೆ.