ತಲೆಗೆ ಪೆಟ್ಟಾದವರು ಜೈಲಿನಲ್ಲಿರುವಾಗ ಮನೆಯವರು ಏನು ಮಾಡಬಹುದು? ಅನುಭವ ತಿಳಿಸಿ

ಆಲೂರು ತಾಲ್ಲೂಕಿನಿಂದ ಬಂದ ಕೋರಿಕೆ:
ನನ್ನ ತಮ್ಮ ಕೆಲವು ವರ್ಷಗಳ ಹಿಂದೆ ಕಾಫಿ ತೋಟದಲ್ಲಿ ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವ ಕೆಲಸ) ಮಾಡುವಾಗ ಸಿಲ್ವರ್ ಮರದಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದ. ಗಾಯ ಮಾಯಿತು, ಆದರೆ ಅವನು ಮೊದಲಿನಂತಾಗಲಿಲ್ಲ. ಸಣ್ಣ ಮಾತಿಗೂ ಕೆರಳುತ್ತಾನೆ, ಹೇಳಿದ್ದನ್ನು ಮರೆಯುತ್ತಾನೆ, ಕುಡಿತವೂ ಹತ್ತಿಕೊಂಡಿತು. ಈಗ ಹೊಡೆದಾಟದ ಪ್ರಕರಣದಲ್ಲಿ ವಿಚಾರಣಾಧೀನ ಕೈದಿಯಾಗಿದ್ದಾನೆ. ಹೇಳಿದ ಮಾತು ಕೇಳುವುದಿಲ್ಲ, ಉದ್ಧಟತನ ತೋರಿಸುತ್ತಾನೆ ಎಂದು ಜೈಲಿನಲ್ಲಿ ದೂರುತ್ತಾರೆ. ಇಂಥದ್ದನ್ನು ಕಂಡವರು ದಾರಿ ತೋರಿಸಬೇಕು.

ಮೂಡಿಗೆರೆಯಿಂದ:
ನಮ್ಮ ಅಣ್ಣನ ಮಗನಿಗೆ ಬೈಕ್ ಅಪಘಾತದಲ್ಲಿ ಪೆಟ್ಟಾಗಿತ್ತು, ಮುಂದಿನದೆಲ್ಲ ನಿಮ್ಮ ತಮ್ಮನ ಹಾಗೆಯೇ ನಡೆಯಿತು. ಅಕ್ಕಾ, ಮೊದಲು ಹಳೆಯ ಕಾಗದಗಳನ್ನು ಹುಡುಕಿ. ಡಿಸ್ಚಾರ್ಜ್ ಸಾರಾಂಶ, ಸ್ಕ್ಯಾನ್ ವರದಿ, ಮಾತ್ರೆ ಚೀಟಿ, ಯಾವುದು ಸಿಕ್ಕರೂ ಬೇಕು. ಮನೆಯಲ್ಲಿ ಇಲ್ಲದಿದ್ದರೆ ಅಂದು ದಾಖಲಾಗಿದ್ದ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಅರ್ಜಿ ಕೊಟ್ಟು ಪ್ರತಿ ಪಡೆಯಿರಿ. ಒಂದು ಪ್ರತಿಯನ್ನು ಜೈಲಿನ ವೈದ್ಯಾಧಿಕಾರಿಗೆ, ಇನ್ನೊಂದನ್ನು ಅಧೀಕ್ಷಕರಿಗೆ ಮನವಿಯೊಂದಿಗೆ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಹೇಳಿ ಬಂದದ್ದು ಪಾಳಿ ಬದಲಾದ ಕೂಡಲೇ ಕಳೆದುಹೋಗುತ್ತದೆ.

ಆದರೆ ಆಸ್ಪತ್ರೆಯ ಕಾಗದ ಬಿದ್ದ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ, ಆಮೇಲೆ ಮನುಷ್ಯ ಹೇಗೆ ಬದಲಾದ ಎಂಬುದನ್ನು ಹೇಳುವುದಿಲ್ಲ. ಅದನ್ನು ನೀವೇ ಬರೆಯಬೇಕು. ಪೆಟ್ಟಿಗೆ ಮೊದಲು ಯಾವ ಕೆಲಸ ಮಾಡುತ್ತಿದ್ದ, ಸಂಬಳದ ಲೆಕ್ಕ ಇಡುತ್ತಿದ್ದನೇ, ಜಗಳಗಂಟನೇ, ನಂತರ ಯಾವುದನ್ನು ಮಾಡಲಾಗದೆ ಹೋದ ಎಂಬುದನ್ನು ಒಂದು ಪುಟದಲ್ಲಿ ಬರೆದು, ಮನೆಯವರಲ್ಲದ ಒಬ್ಬರ ಹೇಳಿಕೆಯನ್ನೂ ಸೇರಿಸಿ. ನಮ್ಮ ಹುಡುಗನ ವಿಷಯದಲ್ಲಿ ತೋಟದ ರೈಟರ್ ಬರೆದುಕೊಟ್ಟ ಮಾತು ನಮ್ಮೆಲ್ಲರ ಅಳುವಿಗಿಂತ ಹೆಚ್ಚು ತೂಗಿತು.

ಹಾಸನದ ಒಬ್ಬ ವಕೀಲರು:
ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂನಂತೆ ಉಚಿತ ವಕೀಲರ ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬಹುದು, 15100 ಸಂಖ್ಯೆಗೆ ಕರೆ ಮಾಡಲೂಬಹುದು. ಪ್ರಕರಣ ಜಾಮೀನು ರಹಿತವಾಗಿದ್ದರೂ ಆರೋಪಿ ಕಾಯಿಲೆಯವನು ಅಥವಾ ಅಶಕ್ತ ಎಂಬುದನ್ನು ನ್ಯಾಯಾಲಯ ಪರಿಗಣಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 480ನೇ ಕಲಂ ಅವಕಾಶ ಕೊಡುತ್ತದೆ. ಹಿಂದಿನ ಉತ್ತರದಲ್ಲಿ ಹೇಳಿದ ಕಾಗದಗಳು ಅಲ್ಲಿ ಕೆಲಸಕ್ಕೆ ಬರುತ್ತವೆ.

‘ತಲೆ ಸರಿಯಿಲ್ಲ ಎಂದು ಹೇಳಿ ಬಿಡಿಸಿಕೊಳ್ಳಿ’ ಎನ್ನುವ ಸಲಹೆಗಾರರು ಊರಿಗೊಬ್ಬರು ಸಿಗುತ್ತಾರೆ. ಅವರ ಮಾತು ನಂಬಬೇಡಿ. ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂನ ರಕ್ಷಣೆ ಬೇಕಾದರೆ, ಕೃತ್ಯ ನಡೆದ ಹೊತ್ತಿನಲ್ಲಿ ತಾನು ಮಾಡುತ್ತಿರುವುದು ಏನು ಎಂಬುದನ್ನು, ಇಲ್ಲವೇ ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎಂಬುದನ್ನು ತಿಳಿಯುವ ಶಕ್ತಿಯೇ ಅವನಿಗೆ ಇರಲಿಲ್ಲ ಎಂದು ಸಾಬೀತಾಗಬೇಕು. ಸಿಟ್ಟು ತಡೆಯಲಾಗದಿರುವುದು ಬೇರೆ, ಅದು ಇದಲ್ಲ. ವಿಚಾರಣೆಯನ್ನೇ ಅರ್ಥ ಮಾಡಿಕೊಳ್ಳಲಾಗದ ಸ್ಥಿತಿ ಇದ್ದರೆ ಮಾತ್ರ ನಾಗರಿಕ ಸುರಕ್ಷಾ ಸಂಹಿತೆಯ 368ನೇ ಕಲಂ ಪ್ರಕಾರ ತಜ್ಞರ ಪರೀಕ್ಷೆ ಕೋರಬಹುದು. ಪೆಟ್ಟಿನ ವಿಷಯ ಜಾಮೀನಿನಲ್ಲಿ ಮತ್ತು ಶಿಕ್ಷೆಯ ಪ್ರಮಾಣ ನಿರ್ಧರಿಸುವಾಗ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಚನ್ನರಾಯಪಟ್ಟಣದಿಂದ:
ಇಂಥವರೊಬ್ಬರಿಂದ ಏಟು ತಿಂದ ಮನೆಯವನು ನಾನು. ಚಿಕಿತ್ಸೆ ಕೊಡಿಸಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹೊರಬಂದ ಮೇಲೆ ಕುಡಿತ ಬಿಡಿಸುವ ಏರ್ಪಾಡು ಏನು ಎಂಬುದನ್ನೂ ಜಾಮೀನು ಕೇಳುವ ಮೊದಲೇ ಯೋಚಿಸಿ.

ಚಿಕ್ಕಮಗಳೂರಿನಿಂದ, ನಿವೃತ್ತ ಶುಶ್ರೂಷಕಿ:
ಹೊರದೇಶಗಳ ಜೈಲುಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟಾಗಿ ನೋಡಿದರೆ ಕೈದಿಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹಿಂದೆ ಎಂದಾದರೂ ಮಿದುಳಿಗೆ ಪೆಟ್ಟಾಗಿರುವುದು ಕಾಣುತ್ತದೆ, ಸಾಮಾನ್ಯ ಜನರಲ್ಲಿ ಈ ಪ್ರಮಾಣ ಬಹಳ ಕಡಿಮೆ. ಹಣೆಯ ಹಿಂಭಾಗದ ಮಿದುಳು ಸಿಟ್ಟನ್ನು ಹಿಡಿದಿಡುವ, ಮುಂದೇನು ಎಂದು ಯೋಚಿಸುವ ಭಾಗ. ಅಲ್ಲಿ ಪೆಟ್ಟಾದವನಿಗೆ ಸಾಲಾಗಿ ಮೂರು ಆದೇಶ ಕೊಟ್ಟರೆ ಮೊದಲನೆಯದು ಮಾತ್ರ ನೆನಪಿರಬಹುದು, ಉಳಿದೆರಡನ್ನು ಮಾಡದಿದ್ದುದು ಕಾವಲಿನವರ ಕಣ್ಣಿಗೆ ಹಟವಾಗಿ ಕಾಣುತ್ತದೆ. ಒಂದು ಸಲಕ್ಕೆ ಒಂದೇ ಮಾತನ್ನು ನಿಧಾನವಾಗಿ ಹೇಳಬೇಕೆಂದು ನಿಮ್ಮ ಮನವಿಯಲ್ಲಿ ಸ್ಪಷ್ಟವಾಗಿ ಬರೆಯಿರಿ; ಭೇಟಿಗೆ ಹೋದಾಗ ನೀವೂ ಹಾಗೆಯೇ ಮಾತಾಡಿ.

ಸಿಟಿ ಸ್ಕ್ಯಾನ್ ಸರಿಯಿದೆ ಎಂದ ಮಾತ್ರಕ್ಕೆ ತೊಂದರೆ ಇಲ್ಲವೆಂದಲ್ಲ. ನೆನಪು, ಗಮನ, ನಿರ್ಧಾರ ಶಕ್ತಿಗಳನ್ನು ಅಳೆಯುವ ನರಮನೋವೈಜ್ಞಾನಿಕ ಪರೀಕ್ಷೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಅಲ್ಲಿಗೆ ಕಳುಹಿಸುವಂತೆ ವಕೀಲರ ಮೂಲಕ ನ್ಯಾಯಾಲಯವನ್ನು ಕೋರಬಹುದು.

ಎಲ್ಲಕ್ಕಿಂತ ಮೊದಲು, ಅವನಿಗೆ ಫಿಟ್ಸ್ ಮಾತ್ರೆ ಬರೆದುಕೊಟ್ಟಿದ್ದರೆ ಅದು ಒಂದು ದಿನವೂ ತಪ್ಪಬಾರದು, ಆ ಚೀಟಿಯನ್ನು ಇಂದೇ ಜೈಲಿನ ವೈದ್ಯರಿಗೆ ತಲುಪಿಸಿ. ಕುಡಿಯುತ್ತಿದ್ದವರು ಒಳಹೋಗಿ ಏಕಾಏಕಿ ಬಿಟ್ಟಾಗಲೂ ಫಿಟ್ಸ್ ಬರುವುದುಂಟು, ಆದ್ದರಿಂದ ಕುಡಿತದ ವಿಷಯ ಮುಚ್ಚಿಡಬೇಡಿ. ಈಚಿನ ಹೊಡೆದಾಟದಲ್ಲಿ ಮತ್ತೆ ತಲೆಗೆ ಏಟಾಗಿತ್ತೇ ಎಂದು ಅವನನ್ನೇ ಕೇಳಿ. ಆಗಿದ್ದರೆ, ವಾರಗಳು ಕಳೆದ ಮೇಲೂ ತಲೆನೋವು ಹೆಚ್ಚುವುದು, ಮಂಪರು, ವಾಂತಿ, ಒಂದು ಕಡೆಯ ಕೈಕಾಲು ಸೋಲುವುದು ಕಂಡುಬಂದರೆ ಒಳಗೆ ನಿಧಾನವಾಗಿ ರಕ್ತ ಸೇರುತ್ತಿರಬಹುದು. ಆಗ ಅರ್ಜಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಕಳುಹಿಸುವಂತೆ ಅಧೀಕ್ಷಕರನ್ನು ಕೇಳಬೇಕು.