ಕೈ ಇದೆ, ಆದರೆ ಏಳುವುದಿಲ್ಲ: ಸುರಕ್ಷಾ ಬಿಮಾ ಅರ್ಜಿ ರಿಜೆಕ್ಟ್ ಆದರೆ ಮುಂದೇನು?

ಪ್ರಶ್ನೆ: ವಿಆರ್‌ಡಬ್ಲ್ಯೂ, ಕುಷ್ಟಗಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ (ವಿಆರ್‌ಡಬ್ಲ್ಯೂ). ನಮ್ಮ ಪಂಚಾಯಿತಿಯ 34 ವರ್ಷದ ಕೃಷಿ ಕೂಲಿಕಾರರೊಬ್ಬರ ಪರವಾಗಿ ಕೇಳುತ್ತಿದ್ದೇನೆ. ಇಳಕಲ್ ರಸ್ತೆಯಲ್ಲಿ ಸ್ವಂತ ಬೈಕ್ ಸ್ಕಿಡ್ ಆಗಿ ಬಿದ್ದು ಬಲಭುಜದ ನರಗಳಿಗೆ ಪೆಟ್ಟಾಗಿದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಬ್ರೇಕಿಯಲ್ ಪ್ಲೆಕ್ಸಸ್ ಇಂಜುರಿ ಎಂದಿದೆ. ಹತ್ತು ತಿಂಗಳಾಯಿತು, ಭುಜದಿಂದ ಬೆರಳಿನ ತುದಿವರೆಗೆ ಕೈ ಜೋತುಬಿದ್ದಿದೆ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಬಂದಿದೆ, ಅಂಗವಿಕಲತೆ 70 ಪರ್ಸೆಂಟ್ ಎಂದಿದೆ.

ಇವರ ಖಾತೆಯಿಂದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ ಕಟ್ ಆಗುತ್ತದೆ. ಅರ್ಜಿ ಹಾಕಿದೆವು, ರಿಜೆಕ್ಟ್ ಆಯಿತು. ಪತ್ರದಲ್ಲಿ ಮೂರು ಕಾರಣ ಕೊಟ್ಟಿದ್ದಾರೆ. ಕೈಯ ಬಳಕೆ ಸಂಪೂರ್ಣವಾಗಿ, ಮತ್ತೆ ಬಾರದಂತೆ ಹೋಗಿದೆ ಎಂದು ಸಾಬೀತಾಗಿಲ್ಲ. ಪೊಲೀಸ್ ದಾಖಲೆ ಇಲ್ಲ. 30 ದಿನದೊಳಗೆ ತಿಳಿಸಿಲ್ಲ. 70 ಪರ್ಸೆಂಟ್ ಎಂದು ಸರ್ಕಾರದ ವೈದ್ಯರೇ ಬರೆದ ಮೇಲೂ ಇದು ಹೇಗೆ ಸಾಲದು? ಮೇಲ್ಮನವಿ ಎಲ್ಲಿ ಹಾಕಬೇಕು? ಮನೆಯಲ್ಲಿ ದುಡಿಯುವವರು ಇವರೊಬ್ಬರೇ, ದಯವಿಟ್ಟು ತಿಳಿದವರು ಬಿಡಿಸಿ ಹೇಳಿ.

ಉತ್ತರ 1: ಕ್ಲೇಮ್ ವಿಭಾಗದ ನಿವೃತ್ತ, ಬಳ್ಳಾರಿ

ಮೇಡಂ, ಪತ್ರ ಕೈಗೆ ತೆಗೆದುಕೊಂಡಿದ್ದು ಒಳ್ಳೆಯದಾಯಿತು. ಬಾಯಿಮಾತಿನ ರಿಜೆಕ್ಷನ್ ಮೇಲೆ ಯಾವ ಮೇಲ್ಮನವಿಯೂ ನಿಲ್ಲುವುದಿಲ್ಲ.

ಮೊದಲು ಪರ್ಸೆಂಟ್ ವಿಷಯ. ಸುರಕ್ಷಾ ಬಿಮಾದಲ್ಲಿ ಪರ್ಸೆಂಟ್ ಲೆಕ್ಕವೇ ಇಲ್ಲ. ಎರಡೂ ಕಣ್ಣು, ಎರಡೂ ಕೈ ಅಥವಾ ಎರಡೂ ಕಾಲು, ಇಲ್ಲವೇ ಒಂದು ಕಣ್ಣಿನ ಜೊತೆ ಒಂದು ಕೈ ಅಥವಾ ಕಾಲು ಹೋದರೆ 2 ಲಕ್ಷ. ಒಂದೇ ಕಣ್ಣಿನ ದೃಷ್ಟಿ, ಅಥವಾ ಒಂದೇ ಕೈ ಇಲ್ಲವೇ ಕಾಲಿನ ಬಳಕೆ ಹೋದರೆ 1 ಲಕ್ಷ. ನಡುವೆ ಬೇರೆ ಮೆಟ್ಟಿಲಿಲ್ಲ. ಎರಡು ಬೆರಳು ತುಂಡಾದವರಿಗೆ ಇಲ್ಲಿ ಏನೂ ಸಿಗುವುದಿಲ್ಲ. ಹಾಗೆಯೇ ಯುಡಿಐಡಿಯ 70 ಪಿಂಚಣಿಗೆ, ಬಸ್ ಪಾಸಿಗೆ, ಮೀಸಲಾತಿಗೆ ಲೆಕ್ಕಕ್ಕೆ ಬರುತ್ತದೆಯೇ ಹೊರತು ಈ 1 ಲಕ್ಷಕ್ಕಲ್ಲ. ಇಲ್ಲಿ ಕೇಳುವುದು ಮೂರೇ: ಬಳಕೆ ಪೂರ್ತಿ ಹೋಗಿದೆಯೇ, ಅದು ಮತ್ತೆ ಬರುವುದಿಲ್ಲವೇ, ಕಾರಣ ಈ ಅಪಘಾತವೇ.

ಈಗ ಅಂಗವಿಕಲತೆ ಪ್ರಮಾಣಪತ್ರ ತೆಗೆದು ಕೆಳಗಿನ ಎರಡು ಸಾಲು ಓದಿ. ಸ್ಥಿತಿ ಸುಧಾರಿಸುವ ಸಾಧ್ಯತೆ ಇದೆಯೋ ಇಲ್ಲವೋ ಎಂಬುದು ಒಂದು. ಮರುಪರೀಕ್ಷೆ ಅಗತ್ಯವಿಲ್ಲವೋ, ಇಷ್ಟು ಕಾಲದ ನಂತರ ಬೇಕೋ ಎಂಬುದು ಇನ್ನೊಂದು. ನರದ ಗಾಯದಲ್ಲಿ ವೈದ್ಯರು ಮೊದಲ ಸಲ ತಾತ್ಕಾಲಿಕ ಪ್ರಮಾಣಪತ್ರ ಕೊಡುವುದು ಸಾಮಾನ್ಯ, ಅದು ಅವರ ತಪ್ಪಲ್ಲ. ಆದರೆ "ಮರುಪರೀಕ್ಷೆ ಬೇಕು" ಎಂದಿದ್ದರೆ ಕಂಪನಿ ಅದನ್ನೇ ಹಿಡಿದು "ಮತ್ತೆ ಬಾರದಂತೆ ಎಲ್ಲಿ ಹೋಗಿದೆ" ಎನ್ನುತ್ತದೆ. ನಿಮ್ಮ ಮೊದಲ ಕಾರಣ ಹುಟ್ಟಿದ್ದು ಬಹುಶಃ ಇಲ್ಲೇ.

ಇದಕ್ಕೆ ಬೇಕಾದ್ದು ಚಿಕಿತ್ಸೆ ಕೊಟ್ಟ ಮೂಳೆ ಅಥವಾ ನರ ತಜ್ಞರ ಪತ್ರ. "ಕೈ ಕೆಲಸ ಮಾಡುವುದಿಲ್ಲ" ಎಂದು ಒಂದು ಸಾಲು ಬರೆಸಿಕೊಂಡು ಬಂದರೆ ಮತ್ತೆ ವಾಪಸ್ ಬರುತ್ತದೆ. ಭುಜ, ಮೊಣಕೈ, ಮಣಿಕಟ್ಟು, ಬೆರಳು ಪ್ರತಿಯೊಂದರ ಸ್ನಾಯುಬಲ 5ಕ್ಕೆ ಎಷ್ಟು ಎಂದು ಬೇರೆ ಬೇರೆ ಇರಬೇಕು, 0/5 ಇದ್ದರೆ 0/5 ಎಂದೇ. ನರ, ಸ್ನಾಯುಗಳ ಕೆಲಸ ಅಳೆಯುವ, ಹೊಸದಾಗಿ ಮಾಡಿಸಿದ ಇಎಂಜಿ ಮತ್ತು ಎನ್‌ಸಿವಿ ವರದಿ ಜೊತೆಗಿರಲಿ, ಅಪಘಾತವಾದ ವಾರದ ವರದಿ ಉಪಯೋಗಕ್ಕೆ ಬರುವುದಿಲ್ಲ. ಎಂಆರ್‌ಐನಲ್ಲಿ ನರದ ಬೇರು ಬೆನ್ನುಹುರಿಯಿಂದಲೇ ಕಿತ್ತುಬಂದಿದೆ ಎಂದಿದ್ದರೆ ಅದು ಎಲ್ಲಕ್ಕಿಂತ ಗಟ್ಟಿ ಪುರಾವೆ, ಯಾಕೆಂದರೆ ಹಾಗೆ ಕಿತ್ತ ಬೇರು ತಾನಾಗಿ ಕೂಡುವುದಿಲ್ಲ. ನರದ ಸಂಪರ್ಕ ತಪ್ಪಿದ ಸ್ನಾಯು ಸುಮಾರು 12ರಿಂದ 18 ತಿಂಗಳಲ್ಲಿ ಮರಳಿ ಚೇತರಿಸುವ ಶಕ್ತಿ ಕಳೆದುಕೊಳ್ಳುತ್ತದೆ. ನಿಮ್ಮವರಿಗೆ ಈಗ ಹತ್ತು ತಿಂಗಳು. ಇವತ್ತೇ ತಜ್ಞರು ಖಚಿತವಾಗಿ ಬರೆಯಲು ಹಿಂಜರಿದರೆ ಒತ್ತಾಯ ಮಾಡಬೇಡಿ, ಮುಂದಿನ ಪರೀಕ್ಷೆಯ ದಿನಾಂಕ ಬರೆಸಿಕೊಳ್ಳಿ. ಆ ಪತ್ರ ಬಂದ ಮೇಲೆ ಪ್ರಮಾಣಪತ್ರದ ಮರುಪರೀಕ್ಷೆಗೆ ಕೊಪ್ಪಳ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಶಸ್ತ್ರಚಿಕಿತ್ಸೆ, ಫಿಸಿಯೋಥೆರಪಿ ಮಾಡಿಸಿದರೆ ವಿಮೆ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಮೊಣಕೈ ಮಡಚುವಷ್ಟು ಬಲ ಬಂದರೂ ಆ ಮನುಷ್ಯನ ಬಾಳಿಗೆ ಅದು 1 ಲಕ್ಷಕ್ಕಿಂತ ದೊಡ್ಡದು.

ಉತ್ತರ 2: ರಾಯಚೂರು, ವಕೀಲರ ಕಚೇರಿ

ಅಕ್ಕಾರ, ಪೊಲೀಸ್ ಕಾಗದದ ಬಗ್ಗೆ ನಾ ಹೇಳ್ತೀನಿ. ಈ ಯೋಜನಾದಾಗ ಹಾವು ಕಚ್ಚಿದ್ರ, ಮರದಿಂದ ಬಿದ್ರ ಆಸ್ಪತ್ರಿ ದಾಖಲೆ ಸಾಕು. ರಸ್ತೆ ಅಪಘಾತ ಆದ್ರ ಪೊಲೀಸರಿಗೆ ತಿಳಿಸಿರಬೇಕು ಅಂತ ನಿಯಮದಾಗೇ ಅದ. ತಾನೇ ಸ್ಕಿಡ್ ಆಗಿ ಬಿದ್ದಾಗ ಮನಿಯವ್ರು "ಕೇಸ್ ಬ್ಯಾಡ" ಅಂದುಬಿಡ್ತಾರ, ಹೆಚ್ಚಿನ ಅರ್ಜಿ ಬೀಳೋದು ಇಲ್ಲೇ.

ಆದ್ರ ಬಾಗಲಾ ಮುಚ್ಚಿಲ್ಲ. ಮೊದಲು ಸೇರಿಸಿದ ಆಸ್ಪತ್ರಿಗೆ ಹೋಗಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳ) ರಿಜಿಸ್ಟರ್ ನಂಬರ್ ಕೇಳ್ರಿ. ಅಪಘಾತ ಅಂತ ಬರೆದಿದ್ರ ಆಸ್ಪತ್ರಿಯವ್ರು ಠಾಣಾಕ್ಕ ಮೆಮೊ ಕಳಿಸಿರ್ತಾರ. ಆ ನಂಬರ್ ಹಿಡಕೊಂಡು ಠಾಣಾದಾಗ ಲಿಖಿತ ದೂರು ಕೊಡ್ರಿ. ತಡ ಯಾಕಾತು ಅನ್ನೋದನ್ನ ಮುಚ್ಚಿಡಬ್ಯಾಡ್ರಿ, ಅದೇ ದೂರಿನಾಗ ಕಾರಣ ಬರೀರಿ: ಇಷ್ಟು ದಿನ ಒಳರೋಗಿ ಇದ್ರು, ಬಲಗೈ ಆಡ್ತಿರಲಿಲ್ಲ. ಠಾಣಾದವ್ರು ತಗೊಳ್ಳದಿದ್ರ ಅದೇ ದೂರನ್ನ ರಿಜಿಸ್ಟರ್ಡ್ ಪೋಸ್ಟ್‌ನಾಗ ಎಸ್‌ಪಿಯವರಿಗೆ ಕಳಿಸ್ರಿ, ರಸೀದಿ ಜ್ವಾಪಾನ. ಗಾಯದ ಪ್ರಮಾಣಪತ್ರದಾಗ, ಡಿಸ್ಚಾರ್ಜ್‌ನಾಗ, ದೂರಿನಾಗ ದಿನಾಂಕ, ವ್ಯಾಳೆ, ಜಾಗ ಒಂದೇ ಇರಬೇಕು. ಒಂದ್ರಾಗ "ಬೈಕಿಂದ ಬಿದ್ದು", ಇನ್ನೊಂದ್ರಾಗ "ಮನ್ಯಾಗ ಜಾರಿ" ಅಂತ ಇದ್ರ ಕಂಪನಿ ಅಷ್ಟಕ್ಕೇ ಕೈಬಿಡ್ತದ.

30 ದಿನದ ಮಾತಿಗೆ ಹೆದರಬ್ಯಾಡ್ರಿ. ತಡವಾತು ಅನ್ನೋ ಒಂದೇ ಕಾರಣಕ್ಕ ನಿಜವಾದ ಕ್ಲೇಮ್ ತಿರಸ್ಕರಿಸಬಾರದು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ 2011ರ ಸೆಪ್ಟೆಂಬರ್ 20ರ ಸುತ್ತೋಲ್ಯಾಗ ಹೇಳ್ಯದ. ಆ ದಿನಾಂಕ ನಿಮ್ಮ ಅರ್ಜ್ಯಾಗ ಇರ್ಲಿ.

ಪಾಸ್‌ಬುಕ್ ಒಮ್ಮೆ ನೋಡ್ರಿ. ವಿಮಾ ವರ್ಷ ಜೂನ್ 1ರಿಂದ ಮೇ 31. ಅಪಘಾತ ಆದ ದಿನಕ್ಕ ಸಂಬಂಧಪಟ್ಟ 20 ರೂಪಾಯಿ ಕಟ್ ಆಗಿರೋ ಸಾಲಿನ ಪ್ರತಿ ಹಚ್ಚ್ರಿ. ಎರಡು ಬ್ಯಾಂಕಿನಾಗ ಕಟ್ ಆಗಿದ್ರೂ ಒಂದೇ ಕ್ಲೇಮ್.

ಉತ್ತರ 3: ವಾಹನ ವಿಮೆ, ಗಂಗಾವತಿ

ಎಲ್ಲರೂ 1 ಲಕ್ಷದ ಸುತ್ತ ಇದ್ದೀರಿ. ಆ ಬೈಕಿನ ಇನ್ಶೂರೆನ್ಸ್ ಪೇಪರ್ ನೋಡಿದಿರಾ? ಪ್ರೀಮಿಯಂ ಪಟ್ಟಿಯಲ್ಲಿ "ಪಿಎ ಓನರ್ ಡ್ರೈವರ್" ಎಂಬ ಸಾಲಿಗೆ ಹಣ ಕಟ್ಟಿದ್ದರೆ 15 ಲಕ್ಷದ ಅಪಘಾತ ವಿಮೆ ಇದೆ ಎಂದರ್ಥ. ಸ್ಕಿಡ್ ಆಗಿ ತಾನೇ ಬಿದ್ದರೂ ಅನ್ವಯ. ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣಿಗೆ ಅದರ ಅರ್ಧ, ಅಂದರೆ ಏಳೂವರೆ ಲಕ್ಷ. ನಮ್ಮ ಕಡೆ ಗಾಡಿ ರಿಪೇರಿ ಬಿಲ್ಲಿಗೆ ಓಡಾಡುತ್ತಾರೆ, ಈ ಸಾಲನ್ನು ಓದುವವರೇ ಇಲ್ಲ. ಅದೇ ಸಂಕಟ.

ಷರತ್ತು ಬಿಗಿಯಾಗಿವೆ. ಆರ್‌ಸಿ ಮತ್ತು ಪಾಲಿಸಿ ಎರಡೂ ಬಿದ್ದವರ ಹೆಸರಿನಲ್ಲೇ ಇರಬೇಕು. ಸೆಕೆಂಡ್ ಹ್ಯಾಂಡ್ ಗಾಡಿ ತಂದು ಹೆಸರು ಬದಲಿಸದಿದ್ದರೆ ಅಲ್ಲಿಗೇ ಮುಗಿಯಿತು. ಆ ದಿನ ಚಾಲ್ತಿಯಲ್ಲಿದ್ದ ಡಿಎಲ್ ಬೇಕು. ಮದ್ಯ ಕುಡಿದಿದ್ದರೆ ಇಲ್ಲ. ಅಂಗನಷ್ಟ ಗಾಯವಾದ ಆರು ತಿಂಗಳೊಳಗೆ ಆಗಿರಬೇಕು ಎಂದೂ ಇದೆ. ಹಾಗಾಗಿ ಆರು ತಿಂಗಳೊಳಗಿನ ಹೊರರೋಗಿ ಚೀಟಿ, ಫಿಸಿಯೋ ಕಾರ್ಡಿನಲ್ಲಿ ಕೈ ಆಗಲೇ ನಿಷ್ಕ್ರಿಯವಾಗಿತ್ತು ಎಂದು ಬರೆದಿರುವ ಪ್ರತಿ ಹಾಳೆಯನ್ನೂ ಹುಡುಕಿ ತೆಗೆಯಿರಿ. ಕೈ ತುಂಡಾಗದೆ ಬಲ ಮಾತ್ರ ಹೋದ ಪ್ರಕರಣದಲ್ಲಿ ಕಂಪನಿ ತಕರಾರು ಎತ್ತುವುದು ಖಂಡಿತ, ಆದರೂ ಅರ್ಜಿ ಹಾಕದೆ ಬಿಡಬೇಡಿ. ಇದು ಸುರಕ್ಷಾ ಬಿಮಾಕ್ಕೆ ಅಡ್ಡಿಯಲ್ಲ, ಎರಡನ್ನೂ ಪಡೆಯಬಹುದು.

ಮರುಪ್ರಶ್ನೆ: ವಿಆರ್‌ಡಬ್ಲ್ಯೂ, ಕುಷ್ಟಗಿ ತಾಲ್ಲೂಕು

ಆರ್‌ಸಿ, ಪಾಲಿಸಿ, ಡಿಎಲ್ ಎಲ್ಲವೂ ಅವರ ಹೆಸರಿನಲ್ಲೇ ಇವೆ, ಪಿಎ ಸಾಲಿಗೂ ಹಣ ಕಟ್ಟಿದ್ದಾರೆ! ನಾಳೆಯೇ ಅರ್ಜಿ ಹಾಕಿಸುತ್ತೇನೆ. ಪ್ರಮಾಣಪತ್ರದಲ್ಲಿ ಮರುಪರೀಕ್ಷೆ ಎಂದೇ ಇದೆ, ಬಳ್ಳಾರಿಯ ಸರ್ ಹೇಳಿದ ಹಾಗೆ. ಮೇಲ್ಮನವಿಗೆ ವಿಮಾ ದೂರು ತೀರ್ಮಾನಿಸುವ ಓಂಬುಡ್ಸ್‌ಮನ್‌ಗೆ ಹೋಗಬೇಕೋ, ಗ್ರಾಹಕರ ಆಯೋಗಕ್ಕೋ?

ಉತ್ತರ 4: ಕ್ಲೇಮ್ ವಿಭಾಗದ ನಿವೃತ್ತ, ಬಳ್ಳಾರಿ

ಎರಡಕ್ಕೂ ಮುಂಚೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಹೋಗಬೇಕು, ಹೊಸ ವೈದ್ಯಕೀಯ ಕಾಗದಗಳ ಜೊತೆಗೆ. ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ಹಾಕಿದರೆ ಟೋಕನ್ ನಂಬರ್ ಸಿಗುತ್ತದೆ, ಇಲ್ಲವೇ 155255ಕ್ಕೆ ಕರೆ ಮಾಡಿ. ಒಂದು ತಿಂಗಳು ಕಾದು, ಉತ್ತರ ಬಾರದಿದ್ದರೆ ಅಥವಾ ಒಪ್ಪುವಂತಿಲ್ಲದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ. ಒಂದು ವರ್ಷದೊಳಗೆ ಹೋಗಬೇಕು. ಶುಲ್ಕವಿಲ್ಲ, ವಕೀಲರಿಗೆ ಅವಕಾಶವಿಲ್ಲ, ದೂರನ್ನು ಆನ್‌ಲೈನ್‌ನಲ್ಲೇ ಕೊಡಬಹುದು, ವಿಚಾರಣೆ ವಿಡಿಯೋದಲ್ಲೂ ನಡೆಯುತ್ತದೆ. ಅವರ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. ಒಪ್ಪಿಗೆಯಾಗದಿದ್ದರೆ ಆಮೇಲೆ ಕೊಪ್ಪಳದ ಜಿಲ್ಲಾ ಗ್ರಾಹಕರ ಆಯೋಗವಿದೆ, ಅಲ್ಲಿಯ ಗಡುವು ಎರಡು ವರ್ಷ. ಮೊದಲೇ ಆಯೋಗದಲ್ಲಿ ಕೇಸ್ ಹಾಕಿದರೆ ಓಂಬುಡ್ಸ್‌ಮನ್ ದೂರು ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಈ ಕ್ರಮ ತಪ್ಪಿಸಬೇಡಿ.

ಬ್ಯಾಂಕ್ ನಿಮ್ಮ ಅರ್ಜಿಯನ್ನು ಕಂಪನಿಗೆ ಕಳಿಸದೆ ಇಟ್ಟುಕೊಂಡಿದ್ದರೆ ಆ ದೂರು ಬೇರೆ. ಅದನ್ನು ಬ್ಯಾಂಕಿಗೆ ಬರೆದು, 30 ದಿನದ ನಂತರ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಕೊಡಿ, ಮಾಹಿತಿಗೆ 14448. ಮುಂದಿನ ಅರ್ಜಿ ಕೊಡುವಾಗ ಎರಡು ಪ್ರತಿ ಒಯ್ದು ಒಂದರ ಮೇಲೆ ಶಾಖೆಯ ಸೀಲು, ದಿನಾಂಕ ಹಾಕಿಸಿಕೊಳ್ಳಿ.

ಉತ್ತರ 5: ರಾಯಚೂರು, ವಕೀಲರ ಕಚೇರಿ

ಗ್ರಾಹಕರ ಆಯೋಗಕ್ಕ ಹೋಗೋದಾದ್ರ ವಕೀಲರಿಗೆ ರೊಕ್ಕ ಕೊಡೋದು ಬ್ಯಾಡ. ಅಂಗವಿಕಲರಿಗೆ ಆದಾಯ ಎಷ್ಟೇ ಇದ್ರೂ ಉಚಿತ ಕಾನೂನು ನೆರವು ಅದ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ. ಕೊಪ್ಪಳ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ಯುಡಿಐಡಿ ಪ್ರತಿ, ರಿಜೆಕ್ಷನ್ ಪತ್ರ ತಗೊಂಡು ಹೋಗ್ರಿ, ಇಲ್ಲಾ 15100ಕ್ಕ ಫೋನ್ ಮಾಡ್ರಿ. ಅವ್ರಿಗೆ ಬಲಗೈಲೆ ಸಹಿ ಮಾಡಾಕ ಆಗೂದಿಲ್ಲ, ಹೌದಲ್ಲ? ಹಂಗಾದ್ರ ಈಗ್ಲೇ ಬ್ಯಾಂಕಿನಾಗ ಎಡಗೈ ಸಹಿ ಇಲ್ಲಾ ಹೆಬ್ಬೆಟ್ಟು ದಾಖಲು ಮಾಡಿಸ್ರಿ. ಸಹಿ ತಾಳೆ ಆಗ್ಲಿಲ್ಲ ಅಂತ ಮತ್ತ ಅರ್ಜಿ ವಾಪಸ್ ಬರಬಾರದು.