ಅಗ್ನಿನಂದಕವೋ, ಅಗ್ನಿಶಾಮಕವೋ?

ಗೆಳೆಯರೇ,

ರೈಲು ಎಂಜಿನ್ನಿನ ಕ್ಯಾಬಿನಲ್ಲಿರುವ ಕೆಂಪು ಸಿಲಿಂಡರಿನ (ಫೈರ್ ಎಕ್ಸ್‌ಟಿಂಗ್ವಿಷರ್) ಪಕ್ಕ ಅಂಟಿಸುವ ಸೂಚನಾಪಟ್ಟಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಪದಕ್ಕೇ ತಡವರಿಸಿದ್ದೇನೆ. ಆ ಸಿಲಿಂಡರನ್ನು ಏನೆಂದು ಕರೆಯುವುದು?

‘ಅಗ್ನಿಶಾಮಕ’ ಅಂದರೆ ಯಾರಿಗಾದರೂ ಮೊದಲು ನೆನಪಾಗುವುದು ದಳ, ಇಲ್ಲವೇ ಗಂಟೆ ಬಾರಿಸುತ್ತ ಓಡುವ ವಾಹನ. ‘ಅಗ್ನಿನಂದಕ’ ಎಂದೂ ಅಲ್ಲಲ್ಲಿ ಬರೆಯುತ್ತಾರೆ. ನನಗೆ ಮುಳ್ಳಾಗಿರುವುದು ಇದೇ. ‘ನಂದು’ ಕನ್ನಡದ ಧಾತು; ದೀಪ ನಂದಿತು ಅನ್ನುತ್ತೇವೆ, ನಂದದ ದೀಪ ನಂದಾದೀಪ. ಸಂಸ್ಕೃತದ ‘ನಂದಕ’ ಬೇರೆಯೇ: ಸಂತೋಷಪಡಿಸುವುದು ಎಂದರ್ಥ, ಆನಂದದ ಬಳಗದ್ದು. ವಿಷ್ಣುವಿನ ಖಡ್ಗಕ್ಕೂ ಅದೇ ಹೆಸರು. ಹಾಗಾಗಿ ಸಂಸ್ಕೃತ ಬಲ್ಲವರ ಕಿವಿಗೆ ಅಗ್ನಿನಂದಕವೆಂದರೆ ಬೆಂಕಿಯನ್ನು ಖುಷಿಪಡಿಸುವ ವಸ್ತು! ಸಂಸ್ಕೃತಕ್ಕೆ ಕನ್ನಡ ಬೆಸೆಯುವ ಅರಿಸಮಾಸವನ್ನು ಬೇಕಾದರೆ ಕ್ಷಮಿಸೋಣ. ಅರ್ಥವೇ ತಿರುಗಿ ನಿಂತರೆ ಹೇಗೆ?

‘ಆರಿಸು’ ಸರಳ ಪದ. ಆದರೆ ಪಟ್ಟಿಯ ಎರಡನೇ ಸಾಲೇ ಯಾವ ಸಿಲಿಂಡರ್ ತೆಗೆದುಕೊಳ್ಳಬೇಕೆಂಬುದರ ಬಗ್ಗೆ ಇದೆ. 25,000 ವೋಲ್ಟ್ ತಂತಿಯ ಕೆಳಗೆ ಓಡುವ ಎಂಜಿನ್ನಿಗೆ ನೀರು ಸುರಿಯುವಂತಿಲ್ಲ. ನೀರಿನ ಮೂಲಕ ವಿದ್ಯುತ್ ಹರಿದೀತು. ಇಂಗಾಲದ ಡೈಆಕ್ಸೈಡ್ ವಿದ್ಯುತ್ ಹರಿಯಗೊಡದು, ಕಸವನ್ನೂ ಬಿಡದು. ಒಣಪುಡಿಯೂ ಬೆಂಕಿಯನ್ನು ಅಡಗಿಸುತ್ತದೆ, ಆಮೇಲೆ ಉಪಕರಣಗಳ ಸಂದುಗೊಂದಿಯಲ್ಲೆಲ್ಲ ಕೂತುಬಿಡುತ್ತದೆ. ‘ಸರಿಯಾದದ್ದನ್ನು ಆರಿಸಿ, ಬೆಂಕಿ ಆರಿಸಿ’ — ಪ್ರಾಸವೇನೋ ಸೊಗಸು, ಹೊಗೆಯ ನಡುವೆ ಓದುವವರಿಗೆ ಈ ಶ್ಲೇಷೆ ಬೇಡ.

ಇನ್ನೊಂದು ತೊಡಕು ‘ಹಾರ್ನ್’. ಡೈಆಕ್ಸೈಡ್ ಸಿಲಿಂಡರಿನ ಅಗಲ ಬಾಯಿಗೆ ಆ ಹೆಸರು. ಅನಿಲ ಹೊರಬರುವಾಗ ಹಿಮದಂತೆ ಗಟ್ಟಿಯಾಗಿ ಸುಮಾರು ಮೈನಸ್ 78 ಡಿಗ್ರಿಗೆ ಇಳಿಯುತ್ತದೆ. ಬರಿಗೈಯಲ್ಲಿ ಆ ಬಾಯಿಯನ್ನು ಹಿಡಿದರೆ ಚರ್ಮ ಸುಟ್ಟಂತಾಗುತ್ತದೆ. ಆದರೆ ಎಂಜಿನ್ನಿನೊಳಗೆ ‘ಹಾರ್ನ್ ಮುಟ್ಟಬೇಡಿ’ ಎಂದು ಬರೆದರೆ ಲೋಕೋ ಪೈಲಟ್ ಏನು ತಿಳಿದಾರು? ಸದ್ಯಕ್ಕೆ ‘ಆಲಿಕೆ ಬಾಯಿ’ ಎಂದಿಟ್ಟಿದ್ದೇನೆ. ‘ಲಾಳಿಕೆ’ ಅನ್ನುವವರಿಗೂ ಇದು ಹೊಳೆಯುತ್ತದೆಯೇ?

ಹೆಸರಿಗೆ ‘ಬೆಂಕಿ ನಂದಿಸುವ ಸಿಲಿಂಡರ್’ ಎಂದು ಬರೆದುಕೊಂಡಿದ್ದೇನೆ. ಅರ್ಥಕ್ಕೆ ಕುಂದಿಲ್ಲ, ಆದರೆ ಪಟ್ಟಿ ಅಂಗೈಯಗಲ, ಅಕ್ಷರ ದಪ್ಪವಿರಬೇಕು. ‘ಬೆಂಕಿನಂದಕ’ ಎಂದು ಕೂಡಿಸಿದರೆ ‘-ಕ’ ಮತ್ತೆ ಸಂಸ್ಕೃತದತ್ತ ಎಳೆಯುತ್ತದೆ. ‘ಬೆಂಕಿನಂದಿಕೆ’ ಅಂದರೆ ಹೇಗೆ? ನಿಮ್ಮ ಕಿವಿಗೆ ಒಗ್ಗುತ್ತದೆಯೇ, ಅಥವಾ ಇದಕ್ಕಿಂತ ಚಿಕ್ಕದು ಯಾರ ಬಳಿಯಾದರೂ ಇದೆಯೇ?